ಚಳಿಗಾಲಕ್ಕೆ ದೋಣಿ ಟ್ರೈಲರ್ ನಿಲ್ಲಿಸುವಾಗ ಟೈರ್‌ಗೆ ಏನೇನು ಮಾಡಬೇಕು?

ದೋಣಿಪ್ರಿಯ

ಎಲ್ಲರಿಗೂ ನಮಸ್ಕಾರ. ಈ ಸಲದ ಓಡಾಟ ಮುಗಿಯಿತು. ಇನ್ನು ನಾಲ್ಕೈದು ತಿಂಗಳು ದೋಣಿ ಟ್ರೈಲರ್ ಮೇಲೆಯೇ, ಬಯಲಲ್ಲೇ ನಿಂತಿರುತ್ತದೆ. ಎಂಜಿನ್‌ಗೆ, ಬ್ಯಾಟರಿಗೆ ಏನು ಮಾಡಬೇಕು ಅನ್ನುವುದು ಗೊತ್ತಿದೆ. ಟೈರ್ ವಿಷಯಕ್ಕೆ ಬಂದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜಾಕ್ ಕೊಟ್ಟು ಎತ್ತಿಬಿಡಿ ಅಂತ ಒಬ್ಬರು, ಗಾಳಿ ಇಳಿಸಿ ಅಂತ ಇನ್ನೊಬ್ಬರು, ಇಲ್ಲ ಜಾಸ್ತಿ ಹೊಡೆಸಿ ಅಂತ ಮತ್ತೊಬ್ಬರು.

ನನ್ನದು ಒಂದೇ ಆಕ್ಸಲ್, ಎರಡು ಚಕ್ರದ ಟ್ರೈಲರ್. ಟೈರ್‌ಗಳ ಬಟನ್ (ನೆಲಕ್ಕೆ ತಾಗುವ ಕಡೆಯ ಅಚ್ಚು) ಹೊಸದರ ಹಾಗೇ ಇದೆ. ಪಕ್ಕದಲ್ಲಿ ಮಾತ್ರ ಕೂದಲೆಳೆಯಂಥ ಸಣ್ಣ ಬಿರುಕು ಕಾಣಿಸುತ್ತಿದೆ. ಅದಕ್ಕೆ ಏನಾದರೂ ಹಚ್ಚಬೇಕಾ?

ಸಂಜೆದಡ

ನಾನು ವರ್ಷಗಳಿಂದ ಏನೂ ಮಾಡಿಲ್ಲ ಸರ್. ದೋಣಿಗೆ ಹೊದಿಕೆ ಹಾಕ್ತೀನಿ, ಚಳಿ ಮುಗಿದ ಮೇಲೆ ಗಾಳಿ ತುಂಬಿಸಿ ಹೊರಡ್ತೀನಿ. ಟ್ರೈಲರ್ ಟೈರ್ ವರ್ಷಕ್ಕೆ ಓಡೋದೇ ಸ್ವಲ್ಪ. ಸವೆಯೋದೇ ಇಲ್ಲ ಅಂದ ಮೇಲೆ ಇಷ್ಟೆಲ್ಲ ಆರೈಕೆ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ.

ಹಳೇಚಕ್ರ

ಇಬ್ಬರ ಮಾತಿನಲ್ಲೂ ಒಂದೇ ವಿಷಯ ಇದೆ, ಅದನ್ನೇ ಹಿಡಿದು ಬರೀತೀನಿ. ಬಟನ್ ಹೊಸದರ ಹಾಗಿದೆ, ಪಕ್ಕ ಬಿರುಕು ಬಿಟ್ಟಿದೆ. ದೋಣಿ ಟ್ರೈಲರಿನ ಟೈರ್ ಹಾಳಾಗುವ ರೀತಿಯೇ ಇದು. ಕಾರಿನ ಟೈರ್ ಓಡಿ ಓಡಿ ಸವೆಯುತ್ತದೆ, ಟ್ರೈಲರ್ ಟೈರ್ ನಿಂತು ನಿಂತು ಕೆಡುತ್ತದೆ. ವರ್ಷದ ಬಹುಪಾಲು ಅದು ಒಂದೇ ಜಾಗದಲ್ಲಿ, ಒಂದೇ ಮಗ್ಗುಲ ಮೇಲೆ ಅಷ್ಟೂ ಭಾರ ಹೊತ್ತು, ಬಿಸಿಲಿಗೂ ಥಂಡಿಗೂ ಮೈಯೊಡ್ಡಿ ನಿಂತಿರುತ್ತದೆ. ಆದ್ದರಿಂದ ಬಟನ್ ಆಳ ನೋಡಿ ಟೈರ್ ಗಟ್ಟಿಯಾಗಿದೆ ಅಂತ ತೀರ್ಮಾನ ಮಾಡುವುದು ಇಲ್ಲಿ ನಡೆಯುವುದಿಲ್ಲ. ಟೈರಿನ ವಯಸ್ಸು ನೋಡಬೇಕು, ಪಕ್ಕ ನೋಡಬೇಕು.

ವಯಸ್ಸು ಟೈರಿನ ಮೇಲೇ ಬರೆದಿರುತ್ತದೆ. ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಕೊನೆಯಲ್ಲಿ ಮೂರೇ ಅಂಕಿ ಇದ್ದರೆ ಅದು 2000ಕ್ಕೆ ಮುಂಚಿನ ಟೈರ್, ನೋಡುವುದಕ್ಕೆ ಹೇಗೇ ಇರಲಿ ಬಿಚ್ಚಿ ತೆಗೆಯಿರಿ. ಐದಾರು ವರ್ಷ ದಾಟಿದ ಟ್ರೈಲರ್ ಟೈರನ್ನು ಹಾಕಿಕೊಂಡು ದೂರದ ಹೆದ್ದಾರಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. 10 ವರ್ಷ ಅನ್ನುವುದು ಕೆಲವು ಟೈರ್ ಕಂಪನಿಗಳೇ ಹಾಕಿರುವ ಕಟ್ಟಕಡೆಯ ಗಡಿ, ಅದು ಸ್ಟೆಪ್ನಿಗೂ ಅನ್ವಯಿಸುತ್ತದೆ.

ಇನ್ನು ಪಕ್ಕ. ಎದುರಿಗೆ ಕಾಣುವ ಕಡೆ ಮಾತ್ರ ನೋಡಿ ಎದ್ದುಬಿಡಬೇಡಿ. ಟ್ರೈಲರ್ ಅಡಿಯಲ್ಲಿ ಬಗ್ಗಿ, ಟಾರ್ಚ್ ಬಿಟ್ಟು ಒಳಮಗ್ಗುಲನ್ನೂ ನೋಡಿ. ಮೇಲ್ಮೈಯಲ್ಲಿ ನವಿರಾದ ಗೀರುಗಳಿದ್ದರೆ ಗಮನದಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡುತ್ತಿರಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಟ್ಟಿದ್ದರೆ, ಒಳಗೆ ದಾರ ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಆ ಟೈರಿನ ಕಾಲ ಮುಗಿಯಿತು. ಹಚ್ಚಿದರೆ ಬಿರುಕು ಕೂಡಿಕೊಳ್ಳುವಂಥ ಯಾವ ಎಣ್ಣೆಯೂ ಇಲ್ಲ ದೋಣಿಪ್ರಿಯ ಅವರೇ.

ಸಂಜೆದಡ

ಈಗಷ್ಟೇ ಹೋಗಿ ನೋಡಿ ಬಂದೆ. ಡಿಒಟಿ ಅಂತ ಇದೆ, ಆಮೇಲೆ ಅಕ್ಷರಗಳಿವೆ, ಆದರೆ ನೀವು ಹೇಳಿದ ನಾಲ್ಕು ಅಂಕಿ ಇಲ್ಲ. ಎರಡು ಟೈರಿನಲ್ಲೂ ಹಾಗೇ.

ಹಳೇಚಕ್ರ

ಪೂರ್ತಿ ಸಾಲು ಟೈರಿನ ಒಂದು ಪಕ್ಕದಲ್ಲಿ ಮಾತ್ರ ಇರಬಹುದು. ಇನ್ನೊಂದು ಪಕ್ಕದಲ್ಲಿ ತಾರೀಖು ಇಲ್ಲದ ಅರ್ಧ ಸಾಲು ಇರುತ್ತದೆ. ನಿಮ್ಮದರಲ್ಲಿ ಪೂರ್ತಿ ಸಾಲು ಒಳಮಗ್ಗುಲಿಗೆ ಬಂದಿರಬೇಕು. ಟ್ರೈಲರ್ ಅಡಿಗೆ ಫೋನ್ ಹಿಡಿದು ಒಂದು ಫೋಟೋ ತೆಗೆಯಿರಿ, ಸಿಗುತ್ತದೆ. ಒಳಮಗ್ಗುಲ ಬಿರುಕನ್ನೂ ಅದೇ ಫೋಟೋದಲ್ಲಿ ನೋಡಬಹುದು.

ರಬ್ಬರ್‌ಮೇಷ್ಟ್ರು

ನಿಂತ ಟೈರ್ ಬೇಗ ಬಿರುಕು ಬಿಡುವುದು ಯಾಕೆ ಅಂತ ಸ್ವಲ್ಪ ಹೇಳುತ್ತೇನೆ. ಇದು ಗೊತ್ತಾದರೆ ಏನು ಹಚ್ಚಬೇಕು, ಏನು ಹಚ್ಚಬಾರದು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಗಾಳಿಯಲ್ಲಿ ಓಝೋನ್ ಇರುತ್ತದೆ. ತೀರಾ ಅಲ್ಪ ಪ್ರಮಾಣವಾದರೂ, ಹಿಗ್ಗಿ ಎಳೆದು ನಿಂತಿರುವ ರಬ್ಬರಿನ ಅಣುಸರಪಳಿಯನ್ನು ಕತ್ತರಿಸುವುದಕ್ಕೆ ಅಷ್ಟು ಸಾಕು. ಹಿಗ್ಗದ ರಬ್ಬರಿಗೆ ಅದು ಅಷ್ಟಾಗಿ ತಾಗುವುದಿಲ್ಲ. ಭಾರ ಹೊತ್ತು ನಿಂತ ಟೈರಿನ ಕೆಳಗಿನ ಪಕ್ಕ ಉಬ್ಬಿ ಬಾಗಿರುತ್ತದೆ, ಅಲ್ಲಿ ರಬ್ಬರ್ ಎಳೆದುಕೊಂಡಿರುತ್ತದೆ, ಅಲ್ಲೇ ಬಿರುಕು ಏಳುತ್ತದೆ. ಇದನ್ನು ತಡೆಯಲೆಂದೇ ಟೈರ್ ತಯಾರಿಸುವಾಗ ರಬ್ಬರಿಗೆ ಮೇಣವನ್ನೂ 6ಪಿಪಿಡಿ ಎಂಬಂಥ ರಾಸಾಯನಿಕಗಳನ್ನೂ ಬೆರೆಸುತ್ತಾರೆ. ಅವು ಒಳಗಿನಿಂದ ನಿಧಾನವಾಗಿ ಹೊರಮೈಗೆ ಬಂದು ತೆಳುವಾದ ಪೊರೆ ಕಟ್ಟುತ್ತವೆ. ಹಳೆಯ ಟೈರ್‌ಗಳ ಪಕ್ಕ ಕಂದು ಬಣ್ಣಕ್ಕೆ ತಿರುಗುವುದು ಇದರಿಂದಲೇ. ಅದು ಕೊಳೆ ಅಲ್ಲ, ಟೈರಿನ ರಕ್ಷಣೆ.

ಟೈರ್ ಉರುಳುವಾಗ ಪಕ್ಕ ಬಾಗಿ ಬಿಚ್ಚಿ ಆಗುತ್ತಿರುತ್ತದೆ, ಬಿಸಿಯೂ ಆಗುತ್ತದೆ. ಆಗ ಈ ಪದಾರ್ಥಗಳು ಚೆನ್ನಾಗಿ ಮೇಲೆ ಬಂದು ಪೊರೆ ಹೊಸದಾಗುತ್ತದೆ. ತಿಂಗಳುಗಟ್ಟಲೆ ಅಲುಗದೆ ನಿಂತ ಟೈರಿಗೆ ಆ ಭಾಗ್ಯ ಇಲ್ಲ. ಸಂಜೆದಡ ಅವರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಕಡಿಮೆ ಓಡುವುದರಿಂದಲೇ ಅದಕ್ಕೆ ಹೆಚ್ಚು ಆರೈಕೆ ಬೇಕು.

ಈಗ ಹಚ್ಚುವ ವಿಷಯ. ಪಳಪಳ ಹೊಳೆಸುವ ಟೈರ್ ಪಾಲಿಶ್‌ಗಳಲ್ಲಿ ಹಲವು ಪೆಟ್ರೋಲಿಯಂ ದ್ರಾವಕದಿಂದ ಮಾಡಿದವು. ಅವು ಆ ಪೊರೆಯನ್ನೇ ಕರಗಿಸಿ ಎತ್ತಿಬಿಡುತ್ತವೆ. ಡೀಸೆಲ್, ಸೀಮೆಎಣ್ಣೆ, ಗ್ರೀಸ್ ಒರೆಸುವುದಂತೂ ಬೇಡವೇ ಬೇಡ. ಸೋಪಿನ ನೀರು, ಮೆತ್ತಗಿನ ಬ್ರಷ್, ಆಮೇಲೆ ಧಾರಾಳವಾಗಿ ಸಿಹಿನೀರು, ಪೂರ್ತಿ ಒಣಗಿಸುವುದು, ಇಷ್ಟು ಸಾಕು. ಉಪ್ಪುನೀರಿಗೆ ಇಳಿಸಿದ ಟ್ರೈಲರ್ ಆದರೆ ರಿಮ್ಮಿನ ಒಳಭಾಗ, ವಾಲ್ವ್ ಬುಡ, ನಟ್‌ಗಳ ಸುತ್ತ ಬಿಡದೆ ತೊಳೆಯಿರಿ. ಏನಾದರೂ ಹಚ್ಚಲೇಬೇಕು ಅನ್ನಿಸಿದರೆ ಪೆಟ್ರೋಲಿಯಂ ಇಲ್ಲದ, ನೀರು ಆಧಾರದ ಲೇಪ ನೋಡಿಕೊಂಡು ತನ್ನಿ.

ನೀರಂಚು

ಮೇಷ್ಟ್ರೇ, ಓಝೋನ್ ಅಂದಾಗ ನೆನಪಾಯಿತು. ನನ್ನ ಟ್ರೈಲರ್ ನಿಲ್ಲುವ ಶೆಡ್‌ನಲ್ಲೇ ವೆಲ್ಡಿಂಗ್ ಮೆಷಿನ್ ಇದೆ, ಕಂಪ್ರೆಸರ್ ಇದೆ. ಬಿಸಿಲು ಮಳೆ ತಾಗುವುದಿಲ್ಲ ಅಂತ ಸಮಾಧಾನದಲ್ಲಿದ್ದೆ. ಅದೂ ತೊಂದರೆಯಾ?

ರಬ್ಬರ್‌ಮೇಷ್ಟ್ರು

ಹೌದು ಮೇಡಂ. ವಿದ್ಯುತ್ ಕಿಡಿ ಹಾರುವ ಕಡೆಯೆಲ್ಲ ಓಝೋನ್ ಹುಟ್ಟುತ್ತದೆ. ವೆಲ್ಡಿಂಗ್ ಕಿಡಿಯಲ್ಲೂ ಹುಟ್ಟುತ್ತದೆ, ಬ್ರಷ್ ಇರುವ ಮೋಟಾರಿನಲ್ಲೂ ಹುಟ್ಟುತ್ತದೆ. ಗಾಳಿಯಾಡದ ಶೆಡ್ ಆದರೆ ಅಲ್ಲೇ ಉಳಿದುಕೊಳ್ಳುತ್ತದೆ. ವೆಲ್ಡಿಂಗ್ ಕೆಲಸವನ್ನು ಹೊರಗೆ ಮಾಡಲು ಸಾಧ್ಯವಾದರೆ ಒಳ್ಳೆಯದು. ಇಲ್ಲವಾದರೆ ಟ್ರೈಲರನ್ನು ಶೆಡ್ಡಿನ ದೂರದ ಮೂಲೆಗೆ ಸರಿಸಿ ಟೈರ್‌ಗಳಿಗೆ ಗವುಸು ಹಾಕಿ. ಪೆಟ್ರೋಲ್, ಥಿನ್ನರ್ ಡಬ್ಬಿಗಳೂ ಹತ್ತಿರ ಬೇಡ. ಇಷ್ಟಾದರೂ ಬಯಲಿಗಿಂತ ಶೆಡ್ ಎಷ್ಟೋ ಮೇಲು.

ದೋಣಿಪ್ರಿಯ

ನನ್ನದು ಬಯಲು. ದೋಣಿಯ ಹೊದಿಕೆ ಟೈರ್‌ವರೆಗೆ ಬರುವುದಿಲ್ಲ. ಟೈರ್‌ಗೆ ಪ್ಲಾಸ್ಟಿಕ್ ಸುತ್ತಿಬಿಡಲಾ?

ನೀರಂಚು

ಬಿಗಿಯಾಗಿ ಸುತ್ತಬೇಡಿ. ಒಳಗೆ ಬೆವರಿದ ಹಾಗೆ ನೀರು ನಿಂತು ರಿಮ್ಮು, ನಟ್ಟು ತುಕ್ಕು ಹಿಡಿಯುತ್ತವೆ. ನಾನು ದಪ್ಪ ಬಟ್ಟೆಯ, ಬೆಳಕು ತೂರದ, ಬಿಳಿ ಬಣ್ಣದ ಗವುಸು ಹಾಕುತ್ತೇನೆ. ಕೆಳಗಡೆ ಗಾಳಿಯಾಡಲು ಬಿಟ್ಟಿರುತ್ತೇನೆ. ಕಪ್ಪು ಗವುಸಾದರೆ ಚಳಿಗಾಲದ ಬಿಸಿಲಿಗೂ ಒಳಗೆ ಕಾಯುತ್ತದೆ. ಗವುಸು ಸಿಗದಿದ್ದರೆ ಬಿಸಿಲು ಬೀಳುವ ಕಡೆಗೆ ಒಂದು ಪ್ಲೈವುಡ್ ಹಲಗೆ ಒರಗಿಸಿ ನಿಲ್ಲಿಸಿ, ಗಾಳಿಗೆ ಬೀಳದ ಹಾಗೆ ಕಟ್ಟಿ.

ಈಗ ನನ್ನದೊಂದು ಪ್ರಶ್ನೆ. ಗಾಳಿ ಇಳಿಸಬೇಕೋ, ತುಂಬಬೇಕೋ? ಇದಕ್ಕೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.

ಹಳೇಚಕ್ರ

ಟೈರ್ ಭಾರ ಹೊತ್ತಿದ್ದರೆ ಗಾಳಿ ಇಳಿಸುವುದು ತಪ್ಪು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡದವರೆಗೆ ತುಂಬಿಸಿ ನಿಲ್ಲಿಸಿ, ಅದನ್ನು ದಾಟಬೇಡಿ. ಟ್ರೈಲರ್‌ಗೆಂದೇ ಮಾಡಿದ, ಎಸ್‌ಟಿ (ST) ಅಂತ ಅಳತೆಯ ಮುಂದೆ ಬರೆದ ಟೈರ್‌ಗಳು ಕಾರ್ ಟೈರ್‌ಗಿಂತ ಹೆಚ್ಚು ಒತ್ತಡದವು. ಲೋಡ್ ರೇಂಜ್ (ಟೈರ್ ಹೊರಬಲ್ಲ ಭಾರದ ದರ್ಜೆ) ಸಿ ಆದರೆ ಸಾಮಾನ್ಯವಾಗಿ 50 ಪಿಎಸ್‌ಐ, ಡಿ ಆದರೆ 65, ಇ ಆದರೆ 80. ನಿಮ್ಮ ಟೈರ್ ಮೇಲೆ ಏನಿದೆಯೋ ಅದೇ ಕೊನೆಯ ಮಾತು.

ಗಾಳಿ ಕಡಿಮೆಯಾದರೆ ಪಕ್ಕ ಇನ್ನಷ್ಟು ಬಾಗುತ್ತದೆ. ಮೇಷ್ಟ್ರು ಹೇಳಿದ ಆ ಎಳೆತ ಹೆಚ್ಚುತ್ತದೆ, ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಸ್ವಲ್ಪ ದಿನ ನಿಂತು ಆದ ಚಪ್ಪಟೆ, ಓಡಿ ಬಿಸಿಯಾದ ಮೇಲೆ ಹೋಗಿಬಿಡುತ್ತದೆ. ಗಾಳಿಯಿಲ್ಲದೆ ತಿಂಗಳುಗಟ್ಟಲೆ ನಿಂತದ್ದು ಹಾಗೇ ಉಳಿಯಬಹುದು. ಒಳಗಿನ ನೈಲಾನ್ ದಾರದ ಪದರಗಳು ಓರೆಯಾಗಿ ಹಾಯುವ ಬಯಾಸ್ ಟೈರ್‌ಗಳಿಗೆ ಈ ಕಾಟ, ದಾರ ನೇರ ಅಡ್ಡಲಾಗಿ ಹಾಯುವ ರೇಡಿಯಲ್‌ಗಿಂತ ಜಾಸ್ತಿ.

ರಬ್ಬರ್‌ಮೇಷ್ಟ್ರು

ಇಲ್ಲಿ ಒಂದು ಲೆಕ್ಕ ಸೇರಿಸುತ್ತೇನೆ, ಯಾಕೆಂದರೆ ಎಲ್ಲರೂ ಕಾರಿನ ಲೆಕ್ಕವನ್ನೇ ಟ್ರೈಲರಿಗೂ ಹಾಕುತ್ತಾರೆ. ತಾಪಮಾನ 5-6 ಡಿಗ್ರಿ ಸೆಲ್ಸಿಯಸ್ ಇಳಿದರೆ 1 ಪಿಎಸ್‌ಐ ಇಳಿಯುತ್ತದೆ ಅನ್ನುವ ಮಾತು 30-35 ಪಿಎಸ್‌ಐ ಇರುವ ಕಾರ್ ಟೈರಿಗೆ ಸರಿಹೋಗುತ್ತದೆ. ಒತ್ತಡ ಹೆಚ್ಚಿದ್ದಷ್ಟೂ ಇಳಿಕೆಯೂ ಹೆಚ್ಚು. ಬಿಸಿಲ ದಿನ, 30 ಡಿಗ್ರಿಯಲ್ಲಿ 65 ಪಿಎಸ್‌ಐ ತುಂಬಿಸಿದ ಟೈರ್ 0 ಡಿಗ್ರಿಯ ರಾತ್ರಿ ಸುಮಾರು 57 ತೋರಿಸುತ್ತದೆ. ಒಂದು ಹನಿ ಗಾಳಿಯೂ ಸೋರದೆ 8 ಪಿಎಸ್‌ಐ ಹೋಯಿತು. 50 ಇದ್ದದ್ದು 43-44ಕ್ಕೆ ಬರುತ್ತದೆ. ಇದರ ಮೇಲೆ ರಬ್ಬರಿನ ಮೂಲಕ ತಾನಾಗಿಯೇ ನುಸುಳಿ ಹೋಗುವ ಗಾಳಿ ಬೇರೆ, ಅದು ತಿಂಗಳಿಗೆ 1-2 ಪಿಎಸ್‌ಐ ಇರುತ್ತದೆ. ನಾಲ್ಕೈದು ತಿಂಗಳಿಗೆ ಎರಡೂ ಸೇರಿದರೆ ಟೈರ್ ಎಷ್ಟು ಕುಗ್ಗಿರುತ್ತದೆ ನೋಡಿ.

ಹಾಗಾಗಿ ತುಂಬಿಸಿ ಮರೆತುಬಿಡುವುದಲ್ಲ, ತಿಂಗಳಿಗೊಮ್ಮೆ ಗೇಜ್ ಹಿಡಿಯಿರಿ. ಟೈರ್ ತಣ್ಣಗಿರುವಾಗ, ಬಿಸಿಲು ಬೀಳುವ ಮುಂಚೆ ಅಳೆಯಿರಿ. ಚಳಿ ಕಳೆದು ಬಿಸಿಲು ಏರಿದಾಗ ಒತ್ತಡ ಮತ್ತೆ ಮೇಲೇರುತ್ತದೆ, ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ ಸರಿಮಾಡಿಕೊಳ್ಳಿ.

ಸಂಜೆದಡ

ನೈಟ್ರೋಜನ್ ತುಂಬಿಸಿದರೆ ಈ ತಾಪತ್ರಯ ತಪ್ಪುತ್ತಾ?

ರಬ್ಬರ್‌ಮೇಷ್ಟ್ರು

ಇಲ್ಲ. ನಾವು ಹೊಡೆಸುವ ಗಾಳಿಯಲ್ಲೇ ನೂರಕ್ಕೆ ಸುಮಾರು 78 ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ನುಸುಳುವುದು ಸ್ವಲ್ಪ ನಿಧಾನ, ತೇವ ಇರುವುದಿಲ್ಲ, ಅಷ್ಟು ಲಾಭ ನಿಜ. ಚಳಿಗೆ ಕುಗ್ಗುವುದರಲ್ಲಿ ಎರಡೂ ಒಂದೇ. ಗೇಜ್ ಹಿಡಿಯುವ ಕೆಲಸ ತಪ್ಪುವುದಿಲ್ಲ.

ಗ್ರೀಸ್‌ಕೈ

ಜಾಕ್ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ತಪ್ಪು ಜಾಗಕ್ಕೆ ಜಾಕ್ ಕೊಟ್ಟು ಬಗ್ಗಿಸಿಕೊಂಡು ಬಂದ ಟ್ರೈಲರ್‌ಗಳನ್ನ ಗ್ಯಾರೇಜಲ್ಲಿ ನೋಡಿದ್ದೀನಿ.

ಟೈರಿನ ಭಾರ ಇಳಿಸೋದು ಒಳ್ಳೇದೇ, ಎರಡು ಮಾತಿಲ್ಲ. ಎಳೆತ ಹೋಯ್ತು, ಚಪ್ಪಟೆ ಆಗೋ ಭಯ ಹೋಯ್ತು. ಆದರೆ ದೋಣಿಯ ಅಷ್ಟೂ ಭಾರ ಫ್ರೇಮಿನ ಮೇಲಿದೆ ಅನ್ನೋದು ನೆನಪಿರಲಿ. ಇಂಧನ ತುಂಬಿದ್ದರೆ ಅದೂ ಸೇರುತ್ತೆ, 100 ಲೀಟರ್ ಪೆಟ್ರೋಲ್ ಅಂದ್ರೆ 70 ಕೆ.ಜಿ.ಗೂ ಮೇಲೆ. ಫ್ರೇಮಿನ ಎರಡು ತುದಿಗೆ ಮಾತ್ರ ಸ್ಟ್ಯಾಂಡ್ ಕೊಟ್ಟು ನಡುವೆ ಬಿಟ್ಟರೆ ಫ್ರೇಮ್ ಬಾಗುತ್ತೆ, ದೋಣಿ ಕೂರೋ ಹಲಗೆಗಳು ಮಟ್ಟ ತಪ್ಪುತ್ತವೆ, ದೋಣಿಯ ತಳಕ್ಕೆ ಒಂದೇ ಕಡೆ ಒತ್ತು ಬೀಳುತ್ತೆ. ಸ್ಟ್ಯಾಂಡ್ ಯಾವಾಗಲೂ ಚಕ್ರದ ಹತ್ತಿರ ಇರಬೇಕು, ಓಡುವಾಗ ಭಾರ ಎಲ್ಲಿಂದ ನೆಲಕ್ಕೆ ಇಳಿಯುತ್ತೋ ಅಲ್ಲೇ.

ಪಟ್ಟಿ ಸ್ಪ್ರಿಂಗ್ ಇರೋ ಟ್ರೈಲರ್ ಆದರೆ ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರೋ ಜಾಗದ ಅಡಿಯಲ್ಲಿ ಕೊಡಬಹುದು. ರಬ್ಬರ್ ಟಾರ್ಷನ್ ಆಕ್ಸಲ್ (ಸ್ಪ್ರಿಂಗ್ ಬದಲು ಆಕ್ಸಲ್ ಪೈಪಿನೊಳಗಿನ ರಬ್ಬರೇ ಕುಲುಕು ತಡೆಯುವಂಥದ್ದು) ಆದರೆ ಆಕ್ಸಲ್ ಪೈಪಿಗೆ ಜಾಕ್ ಕೊಡಲೇಬೇಡಿ. ಆಕ್ಸಲ್ ಫ್ರೇಮಿಗೆ ಸೇರೋ ಬ್ರಾಕೆಟ್ ಪಕ್ಕದಲ್ಲಿ, ಫ್ರೇಮಿಗೇ ಕೊಡಿ. ಅಲ್ಯೂಮಿನಿಯಂ ಫ್ರೇಮ್ ಆದರೆ ನಡುವೆ ಗಟ್ಟಿ ಮರದ ತುಂಡು ಇಡಿ.

ಚಕ್ರ ಪೂರ್ತಿ ಗಾಳಿಯಲ್ಲಿ ತೂಗಬೇಕು ಅಂತೇನಿಲ್ಲ. ಟೈರ್ ನೆಲಕ್ಕೆ ತಾಗಿಯೂ ತಾಗದ ಹಾಗಿದ್ದರೆ ಸಾಕು. ಮಣ್ಣು ನೆಲ ಆದರೆ ಸ್ಟ್ಯಾಂಡ್ ಅಡಿಗೆ ಅಗಲವಾದ ಹಲಗೆ ಬೇಕೇಬೇಕು, ಮಂಜು ಕರಗಿ ನೆಲ ಮೆತ್ತಗಾದಾಗ ಒಂದು ಸ್ಟ್ಯಾಂಡ್ ಕುಸಿದರೆ ದೋಣಿಯೇ ವಾಲುತ್ತೆ. ಜಾಕ್ ಮೇಲೆ ಮಾತ್ರ ನಿಂತಿರೋ ಟ್ರೈಲರ್ ಅಡಿಗೆ ಯಾರೂ ತಲೆ ಹಾಕಬೇಡಿ, ಮಕ್ಕಳನ್ನಂತೂ ಹತ್ತಿರ ಬಿಡಬೇಡಿ. ಮೂತಿ ಕಡೆ ಸ್ವಲ್ಪ ಎತ್ತರ ಇರಲಿ, ಹಿಂದಿನ ಡ್ರೈನ್ ಪ್ಲಗ್ ಬಿಚ್ಚಿರಲಿ. ಇಲ್ಲದಿದ್ದರೆ ಮಳೆ, ಹಿಮದ ನೀರು ದೋಣಿಯೊಳಗೆ ತುಂಬಿ ನೀವು ಲೆಕ್ಕ ಹಾಕದ ಭಾರ ಬಂದು ಕೂರುತ್ತೆ.

ದೋಣಿಪ್ರಿಯ

ಚಕ್ರಗಳನ್ನು ಪೂರ್ತಿ ಬಿಚ್ಚಿ ಒಳಗೆ ಇಟ್ಟುಕೊಂಡರೆ ಹೇಗೆ? ಕಳ್ಳತನದ ಭಯವೂ ತಪ್ಪುತ್ತದೆ.

ಹಳೇಚಕ್ರ

ಜಾಗ ಇದ್ದು, ಸ್ಟ್ಯಾಂಡ್ ಗಟ್ಟಿಯಾಗಿದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ರಿಮ್ ಸಮೇತ ಬಿಚ್ಚಿದ ಚಕ್ರಕ್ಕೆ ಭಾರ ಇರುವುದಿಲ್ಲ, ಆದ್ದರಿಂದ ಅಲ್ಲಿ ಗಾಳಿಯನ್ನು 10-15 ಪಿಎಸ್‌ಐಗೆ ಇಳಿಸಬಹುದು. ಗಾಳಿ ಇಳಿಸಿ ಅಂತ ನಿಮಗೆ ಹೇಳಿದವರು ಬಹುಶಃ ಇದನ್ನೇ ಹೇಳಿರಬೇಕು. ಒಂದರ ಮೇಲೊಂದು ಮಲಗಿಸಿ ಇಡಿ, ಅಥವಾ ತೂಗುಹಾಕಿ. ರಿಮ್ ಇಲ್ಲದ ಬರೀ ಟೈರ್ ಆದರೆ ನೆಟ್ಟಗೆ ನಿಲ್ಲಿಸಬೇಕು. ತಂಪಾದ, ಒಣಗಿದ, ಕತ್ತಲ ಜಾಗ ನೋಡಿ. ಮತ್ತೆ ಹಾಕುವ ದಿನ ಗಾಳಿ ಪೂರ್ತಿ ತುಂಬಿಸದೆ ಟ್ರೈಲರ್ ಇಳಿಸಬೇಡಿ. ಇದು ಮರೆಯದಿರಲು ವಾಲ್ವಿಗೇ ಒಂದು ಚೀಟಿ ಕಟ್ಟಿಡಿ.

ನೀರಂಚು

ಎತ್ತಲು ಆಗದವರಿಗೂ ಒಂದು ದಾರಿ ಇದೆ. ನನ್ನದು ಎರಡು ಆಕ್ಸಲ್, ಭಾರದ ದೋಣಿ, ಒಬ್ಬಳೇ ಜಾಕ್ ಏರಿಸುವ ಧೈರ್ಯ ಮಾಡುವುದಿಲ್ಲ. ಪ್ರತಿ ಟೈರಿನ ಅಡಿಗೂ ಟೈರಿಗಿಂತ ಅಗಲವಾದ ಹಲಗೆ ಹಾಕಿ ಅದರ ಮೇಲೆ ನಿಲ್ಲಿಸುತ್ತೇನೆ. ಹಲಗೆ ಚಿಕ್ಕದಾಗಿ ಟೈರಿನ ಅಂಚು ಹೊರಗೆ ಉಳಿಯಬಾರದು. ಒದ್ದೆ ಮಣ್ಣು, ಜಲ್ಲಿ, ಎಣ್ಣೆ ಬಿದ್ದ ನೆಲ ಯಾವುದೂ ರಬ್ಬರಿಗೆ ತಾಗುವುದಿಲ್ಲ. ನೀರು ಹೆಪ್ಪುಗಟ್ಟುವ ಕಡೆಯಾದರೆ ಟೈರ್ ನೆಲಕ್ಕೇ ಅಂಟಿಕೊಳ್ಳುವುದೂ ತಪ್ಪುತ್ತದೆ. ಗೇಜ್ ಹಿಡಿಯುವ ದಿನವೇ ಟ್ರೈಲರನ್ನು ಕಾರಿಗೆ ಸಿಕ್ಕಿಸಿ ಚಕ್ರ ಕಾಲು ಸುತ್ತು ತಿರುಗುವಷ್ಟು ಸರಿಸುತ್ತೇನೆ. ಭಾರ ಹೊರುವ ಮಗ್ಗುಲು ಬದಲಾಗುತ್ತದೆ.

ಸಂಜೆದಡ

ಇದು ನಾನು ಮಾಡಬಹುದಾದ ಕೆಲಸ. ಹಲಗೆ ಇದೆ. ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕಿ ಬಿಡಬೇಕು ಅಲ್ವಾ?

ಗ್ರೀಸ್‌ಕೈ

ಬೇಡ ಸರ್. ತಿಂಗಳುಗಟ್ಟಲೆ ಹಾಕಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಮುಂದೆ ಹೊರಟಾಗ ಚಕ್ರ ತಿರುಗದೆ ಟೈರ್ ಎಳೆದುಕೊಂಡು ಹೋಗಿ ಒಂದೇ ಕಡೆ ಸವೆಯುತ್ತೆ. ಚಕ್ರದ ಹಿಂದೆ ಮುಂದೆ ಗಟ್ಟಿ ದಿಮ್ಮಿ ಕೊಟ್ಟು, ನೆಲ ಸಮ ಇದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಬ್ರೇಕ್ ಬಿಡಿ. ಇಳಿಜಾರಲ್ಲಿ ನಿಲ್ಲಿಸಲೇಬೇಡಿ.

ಚಕ್ರ ಎತ್ತಿದವರು ಒಂದು ಕೆಲಸ ಕೂಡಲೇ ಮಾಡಿ. ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿ. ಗರಗರ ಅಂದರೆ ಬೇರಿಂಗ್ ನೋಡಬೇಕು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಜಾಸ್ತಿ ಇದೆಯಾ ನೋಡಿ. ದೂರ ಓಡಿ ಬಂದ ಬಿಸಿ ಹಬ್ (ಬೇರಿಂಗ್ ಕೂರೋ, ಚಕ್ರದ ನಡುಭಾಗ) ಅನ್ನ ಹಾಗೇ ತಣ್ಣೀರಿಗೆ ಇಳಿಸ್ತೀವಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತೆ, ಸೀಲ್ ಸ್ವಲ್ಪ ಸಡಿಲ ಇದ್ದರೂ ನೀರನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಆ ನೀರು ಚಳಿಗಾಲ ಪೂರ್ತಿ ಒಳಗೇ ಕೂತರೆ ಬೇರಿಂಗ್ ಮೇಲೆ ತುಕ್ಕಿನ ಗುಳಿ ಬೀಳುತ್ತೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಬಿಚ್ಚಿ, ತೊಳೆದು, ಹೊಸ ಸೀಲ್ ಹಾಕಿ, ಹೊಸ ಗ್ರೀಸ್ ತುಂಬಿ. ಇದನ್ನ ನಿಲ್ಲಿಸುವ ಮುಂಚೆ ಮಾಡಬೇಕು, ಹೊರಡುವ ಮುಂಚೆ ಅಲ್ಲ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ಹೊಂದದೆ ತೆಳುವಾಗಿ ಸೋರಿ ಹೋಗುತ್ತವೆ. ಟೈರ್ ಬಗ್ಗೆ ಕೇಳಿದ್ದಕ್ಕೆ ಬೇರಿಂಗ್ ಯಾಕೆ ಅಂದ್ರೆ, ಬೇರಿಂಗ್ ಹಿಡಿದುಕೊಂಡರೆ ಎಂಥ ಹೊಸ ಟೈರ್ ಇದ್ದರೂ ಚಕ್ರವೇ ಕಳಚಿ ಹೋಗಬಹುದು.

ದೋಣಿಪ್ರಿಯ

ತುಂಬಾ ಉಪಕಾರವಾಯಿತು. ಒಳಮಗ್ಗುಲ ಅಂಕಿ ಓದಿದೆ, ನನ್ನ ಟೈರ್‌ಗಳಿಗೆ ಏಳು ವರ್ಷ ದಾಟಿದೆ. ಬಿರುಕಿಗೆ ಉಗುರು ಸಿಕ್ಕಿಕೊಳ್ಳುತ್ತಿದೆ. ಬದಲಾಯಿಸುವುದೇ ಸರಿ ಅನ್ನಿಸಿತು. ಈಗಲೇ ಹೊಸದು ಹಾಕಲಾ, ಚಳಿ ಮುಗಿದ ಮೇಲೆ ಹಾಕಲಾ?

ಹಳೇಚಕ್ರ

ಚಳಿ ಮುಗಿದ ಮೇಲೆ. ಹೊಸ ಟೈರನ್ನು ತಂದು ನಾಲ್ಕೈದು ತಿಂಗಳು ಬಯಲಲ್ಲಿ ನಿಲ್ಲಿಸುವುದು ಯಾಕೆ? ಈಗ ಹಳೆಯ ಟೈರ್ ಮೇಲೆಯೇ ನಿಲ್ಲಲಿ, ಆದರೆ ಆ ಟೈರಲ್ಲಿ ಅಂಗಡಿವರೆಗೂ ಎಳೆದುಕೊಂಡು ಹೋಗುವುದು ಬೇಡ. ಚಕ್ರ ಬಿಚ್ಚಿ ಕಾರಿನಲ್ಲಿ ತೆಗೆದುಕೊಂಡು ಹೋಗಿ ಹಾಕಿಸಿಕೊಂಡು ಬನ್ನಿ. ಕೊಳ್ಳುವಾಗ ತಯಾರಾದ ವಾರ ನೋಡಿಯೇ ತೆಗೆದುಕೊಳ್ಳಿ, ಅಂಗಡಿಯಲ್ಲಿ ಎರಡು ಮೂರು ವರ್ಷ ಕೂತದ್ದನ್ನು ಹೊಸದೆಂದು ಒಪ್ಪಬೇಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿ, ಒಂದೇ ಆಕ್ಸಲ್‌ಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಬಯಾಸ್ ಆಗಬಾರದು. ವಾಲ್ವನ್ನೂ ಹೊಸದು ಹಾಕಿಸಿ. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. 80ರ ಟೈರ್ ಆದರೆ ಹೆಚ್ಚು ಒತ್ತಡದ್ದು ಅಥವಾ ಲೋಹದ್ದು ಕೇಳಿ ಪಡೆಯಿರಿ.

ಗ್ರೀಸ್‌ಕೈ

ಚಕ್ರ ಮತ್ತೆ ಹಾಕುವಾಗ ನಟ್‌ಗಳನ್ನ ಒಂದಾದ ಮೇಲೊಂದು ಸುತ್ತಲೂ ಬಿಗಿಯದೆ, ಎದುರುಬದುರು ನೋಡಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೊನೆಗೆ ಟ್ರೈಲರ್ ಪುಸ್ತಕದಲ್ಲಿ ಹೇಳಿರೋ ಟಾರ್ಕ್‌ಗೆ (ಬಿಗಿತದ ಅಳತೆಗೆ) ರೆಂಚ್ ಹಿಡಿಯಿರಿ. ಮೊದಲ 80 ಕಿ.ಮೀ. ಒಳಗೆ ಒಂದೆರಡು ಸಲ ನಿಲ್ಲಿಸಿ ಮತ್ತೆ ನೋಡಿ, ಹೊಸದಾಗಿ ಕೂತ ಚಕ್ರದ ನಟ್ ಸ್ವಲ್ಪ ಸಡಿಲ ಆಗೋದು ಸಹಜ. ನಿಲ್ಲಿಸಿದಾಗ ಹಬ್ ಹತ್ತಿರ ಕೈ ತನ್ನಿ. ಒಂದು ಕಡೆ ಮಾತ್ರ ವಿಪರೀತ ಬಿಸಿ ಇದ್ದರೆ ಮುಂದಕ್ಕೆ ಹೋಗಬೇಡಿ.

ನೀರಂಚು

ದೋಣಿಪ್ರಿಯ ಅವರೇ, ಸ್ಟೆಪ್ನಿಯ ಅಂಕಿಯನ್ನೂ ಓದಿದಿರಾ? ಮೂತಿ ಕಂಬಕ್ಕೆ ಕಟ್ಟಿರುವ ಸ್ಟೆಪ್ನಿ ಬಿಸಿಲಿಗೇ ನಿಂತಿರುತ್ತದೆ, ಒಂದು ದಿನವೂ ಉರುಳಿರುವುದಿಲ್ಲ. ಅದರಲ್ಲಿ ಗಾಳಿ ಎಷ್ಟಿದೆ ಅಂತಲೂ ನೋಡಿ.

ದೋಣಿಪ್ರಿಯ

ಓದಿದೆ ಮೇಡಂ. ಅದು ಆ ಎರಡಕ್ಕಿಂತಲೂ ಹಳೆಯದು. ಮೂರು ಟೈರ್ ತರುತ್ತೇನೆ, ಸ್ಟೆಪ್ನಿಯನ್ನು ಈ ಸಲ ಬಿಚ್ಚಿ ಒಳಗೇ ಇಡುತ್ತೇನೆ.